ಮಲೆನಾಡಿನ ಹಕ್ಕಿ ಫೋಟೋಗೆ ಮಿರರ್‌ಲೆಸ್ ಬಾಡಿ, ಟೆಲಿ ಲೆನ್ಸ್: ಯಾವುದು ತಗೊಳ್ಳಲಿ?

ತೋಟದ ಹಾದಿ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹಳೇ ಡಿಎಸ್‌ಎಲ್‌ಆರ್ ಮತ್ತು 55-250 ಲೆನ್ಸ್ ಇದೆ. ಈಗೀಗ ಫೋಕಸ್ ಹಿಡಿಯುವಷ್ಟರಲ್ಲಿ ಹಕ್ಕಿ ಪಕ್ಕದ ತೋಟ ಸೇರಿರುತ್ತದೆ. ಮಳೆಗಾಲದಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 1600 ದಾಟಿದರೆ ಫೋಟೋ ತುಂಬಾ ಮರಳು ಮರಳು. ಈ ಸಲ ಅಡಿಕೆ ದುಡ್ಡು ಬಂದಿದೆ, ಮನೆಯಲ್ಲಿ ಒಪ್ಪಿಗೆಯೂ ಸಿಕ್ಕಿದೆ. ಬಾಡಿ, ಲೆನ್ಸ್ ಸೇರಿ ಎರಡೂವರೆ ಲಕ್ಷ. ಸ್ವಲ್ಪ ಆಚೀಚೆ ಆದರೆ ನಡೆಯುತ್ತದೆ, ಜಾಸ್ತಿ ಆದರೆ ಕ್ಯಾಮೆರಾ ಜೊತೆ ನಾನೂ ಜಗಲಿಯಲ್ಲೇ ಮಲಗಬೇಕು.

ತೆಗೆಯುವುದು ತೋಟಕ್ಕೆ ಬರುವ ಹಕ್ಕಿ, ಮಂಡಗದ್ದೆಯ ಬೆಳ್ಳಕ್ಕಿ, ಹಾವಕ್ಕಿ, ಆಗುಂಬೆ ಕಡೆ ಹೋದರೆ ಮಂಗಟ್ಟೆ. ಹಾರುವ ಓತಿ, ಕಪ್ಪೆ ಕಂಡರೂ ಬಿಡುವುದಿಲ್ಲ. ವಿಡಿಯೋ ಬೇಡ. ಸೋನಿ ಎ6700, ಕ್ಯಾನನ್ ಆರ್7, ನಿಕಾನ್ ಝಡ್50 ಟೂ, ಈ ಮೂರರ ನಡುವೆ ತಲೆ ಕೆಟ್ಟು ಹೋಗಿದೆ. ಯಾವ ಬಾಡಿ ಒಳ್ಳೆಯದು?

ಕುಟ್ರು (ಶಿವಮೊಗ್ಗ):

ಮೂರೂ ಒಳ್ಳೆಯವೇ ಮಾರಾಯ್ರೆ. ನೀವು ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು. ಮೊದಲು ಲೆನ್ಸ್ ಯಾವುದು ಅಂತ ತೀರ್ಮಾನ ಮಾಡಿ, ಆಮೇಲೆ ಅದು ಕೂರುವ ಬಾಡಿ ತಗೊಳ್ಳಿ. ಬಾಡಿ ನಾಲ್ಕೈದು ವರ್ಷಕ್ಕೆ ಹಳೆಯದಾಗುತ್ತದೆ. ಒಳ್ಳೇ ಲೆನ್ಸ್ ಬಾಡಿ ಬದಲಾದರೂ ಉಳಿಯುತ್ತದೆ.

ಹಕ್ಕಿಯ ಕಣ್ಣು ಹುಡುಕಿ ಹಿಡಿಯುವ ಕೆಲಸವನ್ನು ಈಗ ಮೂರೂ ಬಾಡಿಗಳು ಮಾಡುತ್ತವೆ. ಎ6700 2023ರದ್ದು, ಕೀಟವನ್ನೂ ಗುರುತಿಸುತ್ತದೆ. ಝಡ್50 ಟೂ 2024ರ ಕೊನೆಗೆ ಬಂದದ್ದು, ದೊಡ್ಡ ನಿಕಾನ್‌ಗಳ ಪ್ರೊಸೆಸರೇ ಅದರಲ್ಲೂ ಇದೆ, ಆದರೆ ಬಾಡಿಯೊಳಗೆ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇಲ್ಲ. ಉದ್ದ ಲೆನ್ಸ್‌ನಲ್ಲಿ ಹೇಗೂ ಇರುತ್ತದೆ, ಹಾಗಾಗಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆರ್7 2022ರದ್ದು. 32.5 ಮೆಗಾಪಿಕ್ಸೆಲ್, ಎರಡು ಕಾರ್ಡ್ ಸ್ಲಾಟ್.

ಭದ್ರಾವತಿ ಬೋಲ್ಟು:

ಕುಟ್ರು ಅಣ್ಣ ಹೇಳಿದ್ದು ಸರಿ. ಲೆನ್ಸ್ ಆರಿಸಲು ನಾನೊಂದು ಲೆಕ್ಕ ಕೊಡುತ್ತೇನೆ. ಫೋಕಲ್ ಲೆಂತನ್ನು (ಲೆನ್ಸ್ ಹೆಸರಲ್ಲಿರುವ ಎಂಎಂ ಸಂಖ್ಯೆ) ಎಫ್ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರ ಲೆನ್ಸ್‌ನೊಳಗೆ ಬೆಳಕು ನುಗ್ಗುವ ಕಿಂಡಿಯ ಅಗಲ.

ಕ್ಯಾನನ್ ಆರ್‌ಎಫ್ 100-400, ತುದಿಯಲ್ಲಿ ಎಫ್ 8. 400 ಭಾಗಿಸು 8, ಅಂದರೆ 50 ಎಂಎಂ. ಸೋನಿ 200-600 ಮತ್ತು ನಿಕಾನ್ 180-600, ಎರಡೂ ತುದಿಯಲ್ಲಿ ಎಫ್ 6.3. ಅಲ್ಲಿಗೆ 95 ಎಂಎಂ. ಟ್ಯಾಮ್ರಾನ್ 150-500ಕ್ಕೆ ಸುಮಾರು 75. ಕ್ಯಾನನ್ 100-500ಕ್ಕೆ 70. ಕ್ಯಾನನ್‌ನ ಆ 800 ಎಫ್ 11 ಇದೆಯಲ್ಲ, ಎಲ್ಲರೂ ಎಫ್ 11 ಅಂತ ನಗುತ್ತಾರೆ, ಅದಕ್ಕೂ 73 ಬರುತ್ತದೆ!

ಹಕ್ಕಿ ಕೂತ ದೂರ ಅಷ್ಟೇ ಇದ್ದು, ನೀವು ಹೇಗೂ ಫೋಟೋ ಕತ್ತರಿಸಿ ಹಕ್ಕಿಯನ್ನು ದೊಡ್ಡದು ಮಾಡುವವರಾದರೆ, ಆ ಹಕ್ಕಿಯ ಮೈಯಿಂದ ನಿಮಗೆ ಸಿಗುವ ಬೆಳಕು ಈ ಕಿಂಡಿಯ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ. 50ಕ್ಕೂ 95ಕ್ಕೂ ಮೂರೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಮಲೆನಾಡಿನಲ್ಲಿ ನಮಗೆ ಕೊರತೆ ಇರುವುದೇ ಬೆಳಕಿಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಮೋಡದ ದಿನ, ದಟ್ಟ ಮರದಡಿ, ಎಫ್ 6.3, ಶಟರ್ 250ನೇ ಒಂದು ಭಾಗ ಇಟ್ಟರೂ ಐಎಸ್‌ಒ 8000 ಆಸುಪಾಸಿಗೆ ಹೋಗುತ್ತದೆ. ಎಫ್ 8 ಅಂದರೆ 12800. ನನ್ನ ಓಟು ಝಡ್50 ಟೂ ಮತ್ತು 180-600ಕ್ಕೆ. ಇವತ್ತಿನ ದರ ಅಂಗಡಿಯಲ್ಲಿ ಕೇಳಿ, ಬಾಡಿಗಿಂತ ಲೆನ್ಸೇ ದುಬಾರಿ. ಇರಲಿ ಬಿಡಿ, ಹಾಗೇ ಇರಬೇಕಾದ್ದು.

ಸಾಗರದ ಅಕ್ಕಯ್ಯ:

ಬೋಲ್ಟು ತಮ್ಮಾ, ಲೆಕ್ಕ ಚೆನ್ನಾಗಿದೆ. ಒಂದನ್ನು ಬಿಟ್ಟೆ. ಕಾಲರ್ ಸೇರಿ 180-600 ತೂಗುವುದು 2,140 ಗ್ರಾಂ. ಸೋನಿಯದ್ದು ಟ್ರೈಪಾಡ್ ಮೌಂಟ್ ಬಿಟ್ಟು 2,115. ಆರ್‌ಎಫ್ 100-400 ಬರೀ 635 ಗ್ರಾಂ. ತೋಟದ ಇಳಿಜಾರಿನಲ್ಲಿ, ಹಾಳೆ ಬಿದ್ದು ಜಾರುವ ಕಡೆ, ಒಂದು ಕೈಯಲ್ಲಿ ಕೊಡೆ ಹಿಡಿದು ಎರಡು ಕೆಜಿ ಲೆನ್ಸ್ ಹೊತ್ತು ನಡೆದು ನೋಡು. ನಾನು 100-400 ಇಟ್ಟುಕೊಂಡವಳು. ಹಾಲು ಕೊಡಲು ಡೈರಿಗೆ ಹೋಗುವಾಗಲೂ ಹೆಗಲಲ್ಲಿರುತ್ತದೆ. ಕಪಾಟಿನಲ್ಲಿ ಕೂತ 95 ಎಂಎಂ ಕಿಂಡಿಗೆ ಯಾವ ಬೆಳಕೂ ಬರುವುದಿಲ್ಲ.

ಇನ್ನೊಂದು ವಿಷಯ. ಇವರು ಓತಿ, ಕಪ್ಪೆ ಅಂತಲೂ ಬರೆದಿದ್ದಾರೆ, ಅಲ್ವಾ? ಯಾರೂ ಅದನ್ನು ಓದಿದ ಹಾಗಿಲ್ಲ. ಆರ್‌ಎಫ್ 100-400ರ ಮ್ಯಾಗ್ನಿಫಿಕೇಶನ್ 0.41. ಅಂದರೆ ಅರ್ಧ ಮ್ಯಾಕ್ರೋದ ಹತ್ತಿರ. 200-600ರದ್ದು 0.2, ಜೊತೆಗೆ 2.4 ಮೀಟರ್ ಹಿಂದೆ ನಿಲ್ಲಬೇಕು. ಬೆರಳುದ್ದದ ಕಪ್ಪೆಗೆ ಅಷ್ಟು ದೂರ ನಿಂತು ಏನು ಮಾಡುವುದು?

ಭದ್ರಾವತಿ ಬೋಲ್ಟು:

ಅಕ್ಕಾ, ಕಪ್ಪೆಗೆ ಒಪ್ಪಿದೆ. ಮಂಗಟ್ಟೆಗೆ ಒಪ್ಪುವುದಿಲ್ಲ. ಹಲಸಿನ ಮರದ ತುದಿಯಲ್ಲಿ ಕೂತ ಮಂಗಟ್ಟೆಯನ್ನು ಎಫ್ 8ರಲ್ಲಿ ಮಳೆಗಾಲದ ಸಂಜೆ ತೆಗೆದರೆ ಬರುವುದು ನೆರಳು.

ಸಾಗರದ ಅಕ್ಕಯ್ಯ:

ಕೂತ ಹಕ್ಕಿಗೆ 250 ಯಾಕೆ ಬೇಕು? ಸ್ಟೆಬಿಲೈಸೇಶನ್ ಇದೆ. ಶಟರ್ 60ಕ್ಕೆ ಇಳಿಸಿ ಹತ್ತು ಫ್ರೇಮ್ ಒತ್ತಿದರೆ ಎರಡಾದರೂ ಚೂಪಾಗಿ ಬರುತ್ತವೆ. ಹಕ್ಕಿ ತಲೆ ತಿರುಗಿಸಿ ಒಂದು ಕ್ಷಣ ಸುಮ್ನೆ ನಿಲ್ಲುತ್ತದಲ್ಲ, ಆಗ ಒತ್ತಬೇಕು. ಉಳಿದ ಮರಳನ್ನು ಡಿನಾಯ್ಸ್ ಸಾಫ್ಟ್‌ವೇರ್ ತೆಗೆಯುತ್ತದೆ. ಲೈಟ್‌ರೂಮ್‌ನಲ್ಲೇ 2023ರಿಂದ ಎಐ ಡಿನಾಯ್ಸ್ ಬಂದಿದೆ. ರಾ ಫೈಲ್ (ಸೆನ್ಸರ್ ಕೊಟ್ಟ ಹಾಗೇ ಉಳಿಸಿದ್ದು) ತೆಗೆಯುವ ಅಭ್ಯಾಸ ಮಾತ್ರ ಇರಬೇಕು.

ಕಾಜಾಣ ಹಾರುವಾಗ ಬೇಕು ಅಂದರೆ ನಿನ್ನ ಮಾತೇ ಸರಿ.

ಫುಲ್ ಫ್ರೇಮ್ ಬಾಬು (ಬೆಂಗಳೂರು, ಊರು ಹೊಸನಗರ):

ಇಷ್ಟೆಲ್ಲ ಬೆಳಕಿನ ಕಷ್ಟ ಇದ್ದರೆ ಎಪಿಎಸ್-ಸಿ (ಈ ಮೂರೂ ಬಾಡಿಗಳ ಚಿಕ್ಕ ಸೆನ್ಸರ್) ಯಾಕೆ? ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ ತಗೊಳ್ಳಿ. ಸೆನ್ಸರ್ ದೊಡ್ಡದು, ಬೆಳಕು ಜಾಸ್ತಿ.

ಕುಟ್ರು:

ಬಾಬು ಅವರೇ, ಮೇಲೆ ಬೋಲ್ಟು ಬರೆದ ಲೆಕ್ಕ ಇಲ್ಲೇ ಕೆಲಸಕ್ಕೆ ಬರುವುದು. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ನಲ್ಲಿ ಅದೇ 600 ಎಂಎಂ ಲೆನ್ಸ್ ಹಾಕಿ, ಎಪಿಎಸ್-ಸಿಯಷ್ಟೇ ಹಕ್ಕಿ ಕಾಣುವಂತೆ ಕತ್ತರಿಸಿದರೆ ಉಳಿಯುವುದು ಹತ್ತು ಹನ್ನೊಂದು ಮೆಗಾಪಿಕ್ಸೆಲ್. ದೊಡ್ಡ ಸೆನ್ಸರ್‌ನ ಹೆಚ್ಚಿನ ಜಾಗವೆಲ್ಲ ಕತ್ತರಿಸಿದ ತುಂಡಿನ ಜೊತೆ ಹೋಯಿತು. ಅಲ್ಲಿಗೆ ಲಾಭ ಏನು ಬಂತು? 45.7 ಮೆಗಾಪಿಕ್ಸೆಲ್‌ನ ಝಡ್8 ಇದ್ದರೂ ಕ್ರಾಪ್ ಮೋಡ್‌ನಲ್ಲಿ ಸಿಗುವುದು 19ರಷ್ಟು. ಝಡ್50 ಟೂನಲ್ಲಿ 20.9.

ಹಕ್ಕಿಯಿಂದ ಫ್ರೇಮ್ ತುಂಬುವಷ್ಟು ಹತ್ತಿರ ಹೋಗಲು ಆದರೆ ಫುಲ್ ಫ್ರೇಮ್ ಗೆಲ್ಲುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಝಡ್8ರ ಸೆನ್ಸರ್ ಓದುವ ವೇಗವೂ ಬೇರೆಯೇ ಮಟ್ಟ. ಆದರೆ ಅದು ಇವರ ಬಜೆಟ್‌ನ ಮಾತಲ್ಲ.

ಇಂಬಳ (ಕೊಪ್ಪ):

ಓದುವ ವೇಗ ಅಂದಿರಿ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆರ್7 ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು. ಅದು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ ಅಂತ ಬಾಕ್ಸ್ ಮೇಲೆ ಇದೆ. ನಿಜವೇ. ಆದರೆ ಸೆನ್ಸರನ್ನು ಮೇಲಿಂದ ಕೆಳಗೆ ಓದಿ ಮುಗಿಸಲು ಸುಮಾರು 30 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಮಿಂಚುಳ್ಳಿಯ ರೆಕ್ಕೆ ಬೇರೆ ಕಡೆ ಹೋಗಿರುತ್ತದೆ. ಫೋಟೋದಲ್ಲಿ ರೆಕ್ಕೆ ಸೊಟ್ಟಗೆ ಬಾಗುತ್ತದೆ, ಹಿಂದಿನ ಅಡಿಕೆ ಮರಗಳು ಓರೆಯಾಗಿ ನಿಲ್ಲುತ್ತವೆ. ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಶಟರ್ ಇಡಿ. ಅದರಲ್ಲೂ ಸೆಕೆಂಡಿಗೆ 15 ಫ್ರೇಮ್ ಬರುತ್ತದೆ, ಧಾರಾಳ ಸಾಕು. ಸದ್ದು ಮಾತ್ರ ಜೋರು.

ಎಲೆಕ್ಟ್ರಾನಿಕ್ ಶಟರ್‌ನ ಲಾಭ ಬೇರೆ ಕಡೆ ಇದೆ. ನೀವು ಒತ್ತುವ ಮೊದಲಿನ ಅರ್ಧ ಸೆಕೆಂಡನ್ನೂ ಆರ್7 ರಾ ಬರ್ಸ್ಟ್‌ನಲ್ಲಿ ಉಳಿಸುತ್ತದೆ. ಕೊಂಬೆ ಬಿಟ್ಟು ಹಾರಿದ್ದನ್ನು ನೋಡಿ ಒತ್ತಿದರೂ ಸಿಗುತ್ತದೆ. ಎಲ್ಲ ಫ್ರೇಮ್ ಒಂದೇ ಫೈಲ್ ಆಗಿ ಬರುವುದರಿಂದ ಆಮೇಲೆ ಕೂತು ಬಿಡಿಸಿಕೊಳ್ಳಬೇಕು, ಅದೊಂದು ರಗಳೆ. ಝಡ್50 ಟೂನಲ್ಲೂ ಈ ಸೌಲಭ್ಯ ಇದೆ, ಜೆಪೆಗ್‌ನಲ್ಲಿ ಮಾತ್ರ. ಎ6700ರಲ್ಲಿ ಇಲ್ಲ.

ಸೋನಿಯ ಬಲ ಇರುವುದು ಲೆನ್ಸ್ ಆಯ್ಕೆಯಲ್ಲಿ. ಸಿಗ್ಮಾ 100-400, ಟ್ಯಾಮ್ರಾನ್ 150-500, ಸಿಗ್ಮಾ 150-600 ಎಲ್ಲ ಕೂರುತ್ತವೆ. ಕ್ಯಾನನ್‌ನವರು ತಮ್ಮ ಆರ್‌ಎಫ್ ಮೌಂಟಿನ ಬಾಗಿಲನ್ನು 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗೆ ತೆರೆದರು, ಅದೂ ಎಪಿಎಸ್-ಸಿ ಲೆನ್ಸ್‌ಗಳಿಗೆ. ಆದರೆ ಸೋನಿಯಲ್ಲಿ ಹೊರಗಿನ ಕಂಪನಿ ಲೆನ್ಸ್‌ಗೆ ಟೆಲಿಕನ್ವರ್ಟರ್ (ಫೋಕಲ್ ಲೆಂತ್ ಹೆಚ್ಚಿಸುವ ಜೋಡಣೆ) ಹಾಕಲು ಬರುವುದಿಲ್ಲ, ನೆನಪಿರಲಿ.

ತೋಟದ ಹಾದಿ:

ಅಬ್ಬಾ! ಕೇಳಿದ್ದಕ್ಕಿಂತ ಜಾಸ್ತಿ ಸಿಕ್ಕಿತು. ಎಲ್ಲರಿಗೂ ಥ್ಯಾಂಕ್ಸ್. ಒಂದು ಭಯ ಉಳಿದಿದೆ. ಹಳೇ 55-250ರ ಒಳಗೆ ಬೂಸು ಬಂದಿದೆ, ಜೇಡರ ಬಲೆ ಥರ. ಇಷ್ಟು ದುಡ್ಡು ಹಾಕಿದ ಲೆನ್ಸ್‌ಗೂ ಹೀಗೇ ಆದರೆ?

ಇಂಬಳ:

ಇದಕ್ಕೆ ಬಾಡಿ, ಲೆನ್ಸ್‌ಗಿಂತ ಮೊದಲು ದುಡ್ಡು ತೆಗೆದಿಡಿ. ಡ್ರೈ ಕ್ಯಾಬಿನೆಟ್. ಕರೆಂಟಿಗೆ ಹಾಕುವಂಥದ್ದು, ಒಳಗಿನ ತೇವ ಶೇ. 40ರಿಂದ 50ರ ನಡುವೆ ಇಟ್ಟುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಒಳಗಿನ ತೇವ ಏನು ಅಂತ ನಿಮಗೇ ಗೊತ್ತು, ಬೆಲ್ಟು ಚಪ್ಪಲಿಗೂ ಬೂಸು. ಅದು ಗಾಜಿನ ಮೇಲೆ ಬೆಳೆದರೆ ಅದರಿಂದ ಒಸರುವ ಆಮ್ಲ ಕೋಟಿಂಗನ್ನೇ ತಿನ್ನುತ್ತದೆ. ಆಮೇಲೆ ತೊಳೆಸಿದರೂ ಕಲೆ ಉಳಿಯಬಹುದು.

ಕರೆಂಟು ದಿನಗಟ್ಟಲೆ ಹೋಗುವ ಮನೆಯಾದರೆ ರಬ್ಬರ್ ಅಂಚಿರುವ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಚಿಕ್ಕ ತೇವ ಅಳೆಯುವ ಮೀಟರ್. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಬೇಕು. ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ, ಆ ನೀಲಿ ಬಣ್ಣ ಒಳ್ಳೆಯದಲ್ಲ, ಬೇರೆ ಬಾಣಲೆ ಇಟ್ಟುಕೊಳ್ಳಿ. ಅಕ್ಕಿ ಡಬ್ಬಿಯಲ್ಲಿ ಹೂಳಿಡಿ ಅಂತ ಹೇಳುವವರೂ ಇದ್ದಾರೆ. ಅದರ ಧೂಳು ಜೂಮ್ ಉಂಗುರದ ಸಂದಿಗೆ ಹೋಗುತ್ತದೆ, ಅಷ್ಟೇ ಲಾಭ. ಕ್ಯಾಮೆರಾವನ್ನು ಅದರ ಚೀಲದಲ್ಲೇ ಕಪಾಟಿನಲ್ಲಿ ಇಡಬೇಡಿ. ಚೀಲದ ಸ್ಪಂಜು ತೇವ ಕುಡಿದು ಕೂತಿರುತ್ತದೆ.

ಬೇಸಿಗೆಯಲ್ಲಿ ಎಸಿ ಕಾರಿನಿಂದ ಇಳಿದ ತಕ್ಷಣ ಲೆನ್ಸ್ ಮುಚ್ಚಳ ತೆಗೆದರೆ ಗಾಜೆಲ್ಲ ಮಂಜು. ಚೀಲ ಮುಚ್ಚಿಯೇ ಹೊರಗಿಟ್ಟು ಅರ್ಧ ಗಂಟೆ ಬಿಡಿ. ಮಳೆಗೆ ಅಂತ ಹೊರಗಿಂದ ರೈನ್ ಕವರ್ ತರಿಸಬೇಕಿಲ್ಲ. ಅಡಿಕೆ ಗೊನೆಗೆ ಕೊಳೆ ಬರದಂತೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ ಇದೆಯಲ್ಲ, ಅದರ ತುದಿ ಕತ್ತರಿಸಿ ಹುಡ್‌ಗೆ (ಲೆನ್ಸ್ ಮುಂದಿನ ನೆರಳು ಕೊಳವೆ) ರಬ್ಬರ್ ಬ್ಯಾಂಡ್ ಹಾಕಿ ಬಿಗಿದರೆ ಹಿಂದಿನಿಂದ ಎರಡೂ ಕೈ ತೂರಿಸಬಹುದು. ಬೋರ್ಡೋ (ಕೊಳೆಗೆ ಹೊಡೆಯುವ ಔಷಧಿ) ತಾಗಿರದ ಹೊಸ ಕೊಟ್ಟೆ ತಗೊಳ್ಳಿ.

ಕುಟ್ರು:

ಇದಕ್ಕೆ ಒಂದು ಸೇರಿಸುತ್ತೇನೆ. ಸೋನಿ 200-600, ನಿಕಾನ್ 180-600 ಜೂಮ್ ಮಾಡಿದರೆ ಉದ್ದ ಆಗುವುದಿಲ್ಲ, ಗಾಜು ಒಳಗೇ ಸರಿಯುತ್ತದೆ. ಹೊರಗೆ ಚಾಚುವ ಲೆನ್ಸ್‌ಗಳು ಪ್ರತಿ ಸಲವೂ ಗಾಳಿ ಎಳೆದುಕೊಳ್ಳುತ್ತವೆ, ಗಾಳಿಯ ಜೊತೆ ತೇವವನ್ನೂ. ಆರ್‌ಎಫ್ 100-400 ಚಾಚುವ ಜಾತಿ, ಅದಕ್ಕೆ ವೆದರ್ ಸೀಲಿಂಗ್ ಕೂಡ ಇಲ್ಲ. ಅಕ್ಕಯ್ಯ ಇದನ್ನು ಹೇಳಲಿಲ್ಲ!

ಸಾಗರದ ಅಕ್ಕಯ್ಯ:

ಕೇಳಲಿಲ್ಲ, ಹೇಳಲಿಲ್ಲ. ಕೊಡೆ ಇದೆ ಅಂದೆನಲ್ಲ.

ಸೆಕೆಂಡ್ ಹ್ಯಾಂಡ್ ಶೆಟ್ರು (ಶಿಕಾರಿಪುರ):

ಎರಡೂವರೆ ಲಕ್ಷ ಹೊಸದಕ್ಕೇ ಹಾಕಬೇಕು ಅಂತ ಯಾರು ಹೇಳಿದರು? ನಿಕಾನ್ ಡಿ500 ಮತ್ತು 200-500 ಎಫ್ 5.6 ಈಗ ಬಳಸಿದ್ದು ಚೆನ್ನಾಗಿ ಸಿಗುತ್ತವೆ. 500 ಭಾಗಿಸು 5.6, ಬೋಲ್ಟು ಲೆಕ್ಕದಲ್ಲಿ 89 ಎಂಎಂ. ಮುಂದೆ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಅದೇ ಲೆನ್ಸನ್ನು ಝಡ್ ಬಾಡಿಗೂ ಬಳಸಬಹುದು. 2.3 ಕೆಜಿ ಇದೆ, ಅಕ್ಕಯ್ಯ ಬೈಯುವ ಮೊದಲು ನಾನೇ ಹೇಳಿಬಿಡುತ್ತೇನೆ.

ಆದರೆ ಬಳಸಿದ ಲೆನ್ಸನ್ನು ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಬೆಂಗಳೂರಿನ ಒಂದು ಅಂಗಡಿಯವರು 'ಮಿಂಟ್ ಕಂಡೀಶನ್' ಅಂತ ಕಳಿಸಿದ ಲೆನ್ಸ್ ತೆರೆದು ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟರೆ ಒಳಗೆ ಬೂಸಿನ ಕಾಡು. ವಾಪಸ್ ತಗೊಳ್ಳಲು ತಿಂಗಳುಗಟ್ಟಲೆ ಸತಾಯಿಸಿದರು. ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು, ಅಪರ್ಚರ್ ಪೂರ್ತಿ ತೆರೆದು, ಮುಂದಿನಿಂದ ನೋಡಬೇಕು. ನಾಲ್ಕಾರು ಧೂಳಿನ ಕಣ ಇದ್ದರೆ ಏನೂ ಆಗುವುದಿಲ್ಲ. ಕೂದಲೆಳೆಯಂಥ ಬಳ್ಳಿ ಕಂಡರೆ ಬೇಡ. ಹಾಗೇ ಬಿಲ್ ಇಲ್ಲದ ಹೊರದೇಶದ ಮಾಲು ಅಗ್ಗಕ್ಕೆ ಸಿಕ್ಕರೆ, ಇಲ್ಲಿಯ ವಾರಂಟಿ ಇದೆಯಾ ಅಂತ ಮೊದಲು ಕೇಳಿ.

ಹೊಸ ರೆಕ್ಕೆ:

ನಾನೂ ಈಚೆಗೆ ಶುರು ಮಾಡಿದ್ದೇನೆ. ಆ ಬಣ್ಣದ ಪುಟ್ಟ ಮಿಂಚುಳ್ಳಿ, ಮೂರು ಬೆರಳಿನದ್ದು, ಅದು ಗೂಡು ಮಾಡಿರುವ ಜಾಗದ ಲೊಕೇಶನ್ ಯಾರಾದರೂ ಕಳಿಸುತ್ತೀರಾ? 400 ಎಂಎಂ ಸಾಕಾಗುತ್ತಾ?

ಇಂಬಳ:

400 ಎಂಎಂ ಸಾಕು. ಲೊಕೇಶನ್ ಸಿಗುವುದಿಲ್ಲ.

ಸುಮ್ನೆ ಬೈಯುತ್ತಿಲ್ಲ, ಕೇಳಿ. ಆ ಹಕ್ಕಿ ಮಳೆ ಶುರುವಾಗುತ್ತಿದ್ದಂತೆ ಹಳ್ಳದ ಬದಿಯ ಮಣ್ಣಿನ ದರೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಒಂದು ಬಿಲದ ಮುಂದೆ ಇಪ್ಪತ್ತು ಲೆನ್ಸ್ ಸಾಲಾಗಿ ನಿಂತರೆ ತಾಯಿ ಮೀನು, ಹಲ್ಲಿ ಹಿಡಿದುಕೊಂಡು ಕೊಂಬೆಯ ಮೇಲೇ ಕಾಯುತ್ತದೆ, ಮರಿಗೆ ತಿನಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅಂದರೆ ಏನು ಅನ್ನುವ ವಿವರಣೆ ಇದೆ. ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಅದರೊಳಗೇ ಬರುತ್ತದೆ.

ಹೊಸ ರೆಕ್ಕೆ:

ಇದು ಗೊತ್ತಿರಲಿಲ್ಲ ಸರ್. ಆದರೆ ದೊಡ್ಡ ದೊಡ್ಡವರೆಲ್ಲ ಗೂಡಿನ ಫೋಟೋ ಹಾಕುತ್ತಾರಲ್ಲ?

ಕುಟ್ರು:

ಹಾಕುತ್ತಾರೆ. ಹಾಕಿದವರಿಗೆಲ್ಲ ಲೈಕ್ ಒತ್ತುವವರು ನಾವೇ. ನಿಮಗೆ ಗೂಡು ನೋಡಲೇಬೇಕು ಅಂದರೆ ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿ. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆ ಪಕ್ಕದಲ್ಲೇ ಇದೆ. ಹಕ್ಕಿಗಳು ತುಂಗೆಯ ನಡುಗಡ್ಡೆ ಮರಗಳಲ್ಲಿ, ನೀವು ದಡದಲ್ಲಿ. ನಡುವೆ ಹೊಳೆ ಇರುವುದರಿಂದ ಅವುಗಳ ಪಾಡಿಗೆ ಅವು ಇರುತ್ತವೆ. ಸೊರಬದ ಗುಡವಿಗೆ ಹೋದರೆ ಬಿಳಿ ಕೆಂಬರಲು ಸಿಗುತ್ತದೆ. ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ನದಿ ರೀವಗಳು ಮೊಟ್ಟೆ ಇಡುತ್ತವೆ, ದೋಣಿಯಿಂದಲೇ ನೋಡಬೇಕು. ಅಲ್ಲಿ ಟ್ರೈಪಾಡ್ ಪ್ರಯೋಜನಕ್ಕಿಲ್ಲ, ದೋಣಿಯ ಜೊತೆ ಅದೂ ಅಲುಗುತ್ತದೆ.

ತೋಟದ ಹಾದಿ:

ಕೊನೆಗೂ ಆಯಿತು. ಇಂಬಳ ಅಣ್ಣ ಮೆಸೇಜ್‌ನಲ್ಲಿ ಹೇಳಿದಂತೆ ಮೊದಲು ಬಾಡಿಗೆಗೆ ತಂದೆ. ಆರ್7, ಅದಕ್ಕೆ ಆರ್‌ಎಫ್ 100-400 ಮತ್ತು ಆರ್‌ಎಫ್ 200-800. ಈ ದೊಡ್ಡದು ತುದಿಯಲ್ಲಿ ಎಫ್ 9, ಎರಡು ಕೆಜಿಗಿಂತ ಸ್ವಲ್ಪ ಜಾಸ್ತಿ. ಕಿಂಡಿ 89 ಎಂಎಂ, ಬೋಲ್ಟು ಅವರಿಗಾಗಿ ಲೆಕ್ಕ ಹಾಕಿದೆ.

ಮಂಡಗದ್ದೆಯಲ್ಲಿ 200-800 ನೋಡಿ ನಿಜಕ್ಕೂ ಮರುಳಾದೆ. ಕಟ್ಟೆಯ ಮೇಲೆ ಭತ್ತ ತುಂಬಿದ ಗೋಣಿ ತುಂಡು ಇಟ್ಟು ಅದರ ಮೇಲೆ ಲೆನ್ಸ್ ಕೂರಿಸಿದ್ದೆ. ಹಾವಕ್ಕಿ ಮೀನನ್ನು ಕೊಕ್ಕಿನಿಂದ ಚುಚ್ಚಿ, ಮೇಲಕ್ಕೆಸೆದು ನುಂಗಿದ್ದು, ಕಣ್ಣಿನ ಸುತ್ತಲಿನ ಬಣ್ಣ ಸಮೇತ ಬಂದಿದೆ. ಹತ್ತೂವರೆ ಮೇಲೆ ಬಿಸಿಲೇರಿದಾಗ ಮಾತ್ರ ಎಲ್ಲ ಮೆತ್ತಗೆ. ಮೊದಲು ಫೋಕಸ್ ತಪ್ಪು ಅಂದುಕೊಂಡೆ, ನೀರಿನ ಮೇಲಿನ ಗಾಳಿ ಕುದಿಯುತ್ತಿತ್ತು.

ತೋಟದಲ್ಲಿ ಕಥೆ ಬೇರೆ. ಹಾರುವ ಓತಿ ಎದೆಮಟ್ಟದಲ್ಲಿ ಅಡಿಕೆ ಮರಕ್ಕೆ ಅಂಟಿಕೊಂಡಿತ್ತು. 200-800ರಲ್ಲಿ ಪೂರ್ತಿ ಜೂಮ್ ಮಾಡಿದರೆ 3.3 ಮೀಟರ್ ದೂರ ಬೇಕು. ಹಿಂದೆ ಸರಿಯಲು ಕಪ್ಪು (ನಮ್ಮ ತೋಟದ ಕಾಲುವೆ) ಅಡ್ಡ. 100-400 ಹಾಕಿ ನಿಧಾನಕ್ಕೆ ಹತ್ತಿರ ಹೋದೆ. ತೊಗಟೆಯ ಬೂದು ಕಲೆ ಯಾವುದು, ಓತಿಯ ಮೈ ಯಾವುದು ಅಂತ ಕ್ಯಾಮೆರಾಗೇ ಗೊತ್ತಾಗದೆ ಫೋಕಸ್ ಚೌಕ ಆಚೀಚೆ ಅಲೆಯುತ್ತಿತ್ತು. ಅಷ್ಟರಲ್ಲಿ ಅದು ಗಂಟಲ ಕೆಳಗಿನ ಹಳದಿ ಚೀಲವನ್ನು ಫಟ್ ಅಂತ ಬಿಚ್ಚಿ ಮಡಚಿತು. ಮತ್ತೆ ಬಿಚ್ಚಿತು. ಆ ಹಳದಿ ಕಂಡದ್ದೇ ಚೌಕ ಬಂದು ತಲೆಯ ಮೇಲೆ ಕೂತಿತು. ಐಎಸ್‌ಒ 10000. ಡಿನಾಯ್ಸ್ ಮಾಡಿದ ಮೇಲೆ ಚರ್ಮದ ಹುರುಪೆ ಒಂದೊಂದೂ ಕಾಣುತ್ತಿದೆ.

ಆರ್7 ಮತ್ತು 100-400 ಬುಕ್ ಮಾಡಿದ್ದೇನೆ. ಉಳಿದ ದುಡ್ಡಿಗೆ ಡ್ರೈ ಕ್ಯಾಬಿನೆಟ್. ಮಂಡಗದ್ದೆ, ಭದ್ರಾಕ್ಕೆ ಹೋಗುವಾಗ ದೊಡ್ಡ ಲೆನ್ಸ್ ಬಾಡಿಗೆಗೆ.

ಭದ್ರಾವತಿ ಬೋಲ್ಟು:

ಓತಿ ಚೆನ್ನಾಗಿದೆ. ಮಂಗಟ್ಟೆ ಫೋಟೋ ಬಂದ ದಿನ ಮತ್ತೆ ಮಾತಾಡೋಣ.

ಸಾಗರದ ಅಕ್ಕಯ್ಯ:

ತೋಟದ ಹಾದಿಯವರೇ, 100-400ರ ಬಾಕ್ಸ್‌ನಲ್ಲಿ ಹುಡ್ ಬರುವುದಿಲ್ಲ, ಬೇರೆ ಕೊಳ್ಳಬೇಕು. ಇಟಿ-74ಬಿ ಅಂತ ಕೇಳಿ. ಹುಡ್ ಇಲ್ಲದಿದ್ದರೆ ಕೊಟ್ಟೆ ಕಟ್ಟಲೂ ಜಾಗ ಇರುವುದಿಲ್ಲ.